ಆನಂದರಾಯರು ಓದಿದ ಊರಿನಲ್ಲಿ

ಓದಲೆಂದು ಯುರೋಪಿಗೆ ಹೋಗುವುದು ನಮ್ಮ ಬಿಕ್ಕೋಡು ಹೋಬಳಿಗೆ ಹೊಸದು. ಅಜ್ಜನ ಕಾಲಕ್ಕೆ ಓದಿಗೆ ಹಾಸನವೇ ದೂರ. ಅಪ್ಪನ ಕಾಲಕ್ಕೆ ಮೈಸೂರು. ಆಮೇಲೆ ಕಾಫಿಗೆ ಬೆಲೆ ಬಂದ ವರ್ಷಗಳಲ್ಲಿ ಮಕ್ಕಳು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸೇರಿದರು, ಅಲ್ಲಿಂದ ಅಮೆರಿಕದ ದಾರಿ ಹಿಡಿದರು. ಆದರೆ ಕನ್ನಡ ನಾಡಿನ ಲೆಕ್ಕದಲ್ಲಿ ಈ ರೂಢಿಗೆ ನೂರ ಎಪ್ಪತ್ತೈದು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಅದರ ತೀರ ಹಳೆಯ ಅಧ್ಯಾಯ ನಡೆದದ್ದು ಲಂಡನ್ನಿನಲ್ಲೂ ಅಲ್ಲ, ಆಕ್ಸ್‌ಫರ್ಡಿನಲ್ಲೂ ಅಲ್ಲ. ರೈನ್ ನದಿ ಉತ್ತರಕ್ಕೆ ಹೊರಳುವ ತಿರುವಿನಲ್ಲಿರುವ ಬಾಸೆಲ್ ಎಂಬ ಸ್ವಿಸ್ ಊರಿನಲ್ಲಿ. 1846ರಲ್ಲಿ ಮಂಗಳೂರಿನ ಇಪ್ಪತ್ತೊಂದರ ತರುಣನೊಬ್ಬ ಅಲ್ಲಿಗೆ ಓದಲು ಹೋದ. 1851ರವರೆಗೆ ಅಲ್ಲಿದ್ದ. ಅವರ ಹೆಸರು ಹೆರ್ಮನ್ ಆನಂದರಾವ್ ಕೌಂಡಿನ್ಯ.

ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಕಳೆಯುವ ಅವಕಾಶ ನನಗೆ ಇತಿಹಾಸದ ಎಂ.ಎ. ಓದುವಾಗ ವಿನಿಮಯ ವಿದ್ಯಾರ್ಥಿನಿಯಾಗಿ ಸಿಕ್ಕಿತು. ಬಾಸೆಲ್ ಎಂಬ ಹೆಸರು ನಮ್ಮ ಮನೆಗೆ ಹೊಸದಾಗಿರಲಿಲ್ಲ. ಮಲೆನಾಡಿನ ಹಳೆಯ ಮನೆಗಳ ಮಾಡಿಗೆ ಹೊದಿಸಿದ್ದು ಮಂಗಳೂರು ಹೆಂಚು. ಅದರಲ್ಲಿ ಹಳೆಯದಾದ ಒಂದೊಂದರ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಅಚ್ಚು ಈಗಲೂ ಓದಲು ಸಿಗುತ್ತದೆ. ಬಾಸೆಲಿನ ಈ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಗೆಯೋರ್ಗ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗ ನಮ್ಮ ಕಡೆ ಹುಲ್ಲಿನ ಮಾಡುಗಳೇ ಹೆಚ್ಚು. ಘಟ್ಟ ಇಳಿದ ಕಾಫಿಯ ಗಾಡಿಗಳು ಕರಾವಳಿಯಿಂದ ಉಪ್ಪು ಹೊತ್ತು ಹತ್ತುತ್ತಿದ್ದವು; ಮುಂದೆ ಅದೇ ದಾರಿಯಲ್ಲಿ ಹೆಂಚೂ ಹತ್ತಿತು. ಹೀಗೆ ಬಾಸೆಲ್ ನಮಗೆ ಮೊದಲು ಪರಿಚಯವಾದದ್ದು ಮಾಡಿನ ಮೇಲೆ. ಆ ಹೆಸರಿನ ಊರು ಹೇಗಿದೆ ಎಂದು ನೋಡಿಬರಬೇಕೆಂಬ ಆಸೆ ನನಗೆ ಚಿಕ್ಕಂದಿನದು.

ಊರು ಹೇಗಿದೆ ಎಂಬುದನ್ನು ಹೇಳಲೇಬೇಕು. ಬೇಲೂರು ಹಳೇಬೀಡಿನ ಸೀಮೆಯಲ್ಲಿ ಹುಟ್ಟಿದವರ ಕಣ್ಣಿಗೆ ಯುರೋಪಿನ ಹಳೆಯ ಊರು ಬೇರೆ ರೀತಿ ಕಾಣುತ್ತದೆ. ಶಾಸನದ ಶಕವರ್ಷ ಎಣಿಸಿಯೇ ನಾವು ಬೆಳೆದವರು. ಬಾಸೆಲಿನ ಕೆಂಪು ಮರಳುಗಲ್ಲಿನ ಮಹಾ ಚರ್ಚು 1019ರಲ್ಲಿ ಚಕ್ರವರ್ತಿ ಎರಡನೆಯ ಹೈನ್ರಿಖ್‌ನ ಎದುರಿನಲ್ಲಿ ಪ್ರತಿಷ್ಠೆಯಾಯಿತು. ವಿಷ್ಣುವರ್ಧನ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ನಡುವೆ ನೂರು ವರ್ಷವೂ ಇಲ್ಲ. 1356ರ ಭೂಕಂಪದಲ್ಲಿ ಆ ಚರ್ಚಿನ ಗೋಪುರಗಳು ಬಿದ್ದವು, ಊರಿನ ಬಹುಪಾಲು ಸುಟ್ಟುಹೋಯಿತು. ಮತ್ತೆ ಕಟ್ಟಿದರು. 1529ರ ಫೆಬ್ರವರಿಯಲ್ಲಿ ಮತಸುಧಾರಣೆಯ ಆವೇಶದಲ್ಲಿ ಊರಿನ ಜನರೇ ಒಳನುಗ್ಗಿ ಸಂತರ ವಿಗ್ರಹಗಳನ್ನು ಒಡೆದರು, ಚಿತ್ರಗಳನ್ನು ಸುಟ್ಟರು. ಒಳಗೆ ನಿಂತರೆ ಬರಿಯ ಕಂಬ, ಬರಿಯ ಗೋಡೆ, ಎತ್ತರದ ಬೆಳಕು. ಹಳೇಬೀಡಿನಲ್ಲಿ ಮೂಗು ಕೈ ಹೋದ ದೇವತೆಗಳನ್ನು ನೋಡುತ್ತ ಬೆಳೆದ ನನಗೆ ಆ ಬೋಳು ಗೋಡೆಯ ಹಿಂದಿನ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಗಿನಿಂದ ಬಂದ ದಂಡು ಕೆಡವಿದ್ದಕ್ಕೂ ಸ್ವಂತ ಜನ ಕೆಡವಿದ್ದಕ್ಕೂ ಇರುವ ಅಂತರ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ವಿದ್ವಾಂಸ ಇರಾಸ್ಮಸ್ ಆ ಗಲಾಟೆಗೆ ಬೇಸತ್ತು ಊರು ಬಿಟ್ಟವರು ಮತ್ತೆ ಅಲ್ಲಿಗೇ ಬಂದು 1536ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಕಲ್ಲು ಆ ಚರ್ಚಿನ ಒಳಗೇ ಇದೆ. ಇವತ್ತು ಯುರೋಪಿನಲ್ಲಿ ವಿದ್ಯಾರ್ಥಿಗಳು ಊರಿಂದೂರಿಗೆ ಹೋಗಿ ಸೆಮಿಸ್ಟರ್ ಓದುವ ಯೋಜನೆಗೆ ಇಟ್ಟಿರುವುದೂ ಅವರ ಹೆಸರನ್ನೇ.

ವಿಶ್ವವಿದ್ಯಾಲಯ ಆರಂಭವಾದದ್ದು 1460ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಅದಕ್ಕಿಂತ ಹಳೆಯದಿಲ್ಲ. ಊರಿಗೆ ತನ್ನವೇ ಆದ ರೂಢಿಗಳೂ ಇವೆ. 1798ರವರೆಗೆ ಬಾಸೆಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ತಾಸು ಮುಂದೆ ಓಡುತ್ತಿದ್ದವಂತೆ. ಮೋಟರಿಲ್ಲದ ದೋಣಿಗಳು ಈಗಲೂ ಒಂದು ತಂತಿಗೆ ಕಟ್ಟಿಕೊಂಡು ನೀರಿನ ಸೆಳೆತದಿಂದಲೇ ನದಿ ದಾಟುತ್ತವೆ. ಅಕ್ಟೋಬರ್ ಕೊನೆಯಲ್ಲಿ ಶರತ್ಕಾಲದ ಜಾತ್ರೆ ಆಗುತ್ತದೆ; ಚಕ್ರವರ್ತಿ ಮೂರನೆಯ ಫ್ರೆಡರಿಕ್ 1471ರಲ್ಲಿ ಕೊಟ್ಟ ಸನ್ನದು ಅದಕ್ಕೆ ಆಧಾರ. ಸಂತ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರೆ ಜಾತ್ರೆ ಶುರು. ಬಾರಿಸಿದವನಿಗೆ ಕೂಲಿಯೆಂದು ಒಂದು ಜೊತೆ ಕೈಗವಸು: ಎಡಗೈಯದು ಜಾತ್ರೆಯ ಮೊದಲ ದಿನ, ಬಲಗೈಯದು ಜಾತ್ರೆ ಮುಗಿದ ದಿನ. ಕೆಲಸ ಮುಗಿಸದವನಿಗೆ ಪೂರ್ತಿ ಕೂಲಿ ಇಲ್ಲ ಎಂಬ ಈ ಏರ್ಪಾಡನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಬಹಳ ಮೆಚ್ಚಿಕೊಂಡರು. ಅರೇಬಿಕಾ ಕೊಯ್ಲು ಆಗತಾನೆ ಶುರುವಾಗಿತ್ತು. ತೋಟಕ್ಕೆ ಆಳು ಸಿಗುತ್ತಿರಲಿಲ್ಲ, ಸಿಕ್ಕ ಆಳುಗಳನ್ನು ಬೆಳಗ್ಗೆ ಆನೆ ಯಾವ ಕಡೆ ಇದೆ ಎಂದು ವಿಚಾರಿಸಿಕೊಂಡೇ ಒಳಗೆ ಕಳಿಸಬೇಕಿತ್ತು.

ಆದರೆ ಆ ಊರಿಗೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಚರ್ಚೂ ಅಲ್ಲ, ನದಿಯೂ ಅಲ್ಲ. ಮಿಷನ್ ಬೀದಿಯ 21ನೇ ನಂಬರಿನ ಮನೆ. ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. ಈಗಿನ ಕಟ್ಟಡ 1860ರದು, ಹಾಗಾಗಿ ಕೌಂಡಿನ್ಯರು ಓದಿದ್ದು ಇಲ್ಲಲ್ಲ, ಇದಕ್ಕಿಂತ ಮುಂಚಿನ ಮಿಷನ್ ಮನೆಯಲ್ಲಿ. ಆದರೆ ಅವರ ಕಾಲದ ಕಾಗದಪತ್ರಗಳೆಲ್ಲ ಈ ಮನೆಯ ದಫ್ತರಖಾನೆಯಲ್ಲಿವೆ. ಪೆನ್ನು ಹೊರಗಿಟ್ಟು ಪೆನ್ಸಿಲ್ ಹಿಡಿದು ಒಳಹೋಗಬೇಕು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿಗಳಿಂದ ಬಂದ ಪತ್ರಗಳು ತೆಳ್ಳನೆಯ ಕಾಗದದ ಎರಡೂ ಮಗ್ಗುಲಿನಲ್ಲಿ ಹಳೆಯ ಜರ್ಮನ್ ಬರವಣಿಗೆಯಲ್ಲಿವೆ. ಇವತ್ತಿನ ಜರ್ಮನರೇ ಆ ಅಕ್ಷರ ಓದಲು ತಡವರಿಸುತ್ತಾರೆ. ನಾನು ಸೆಮಿಸ್ಟರಿನ ಅರ್ಧ ಭಾಗವನ್ನು ಆ ಅಕ್ಷರ ಕೂಡಿಸಿ ಓದುವುದನ್ನು ಕಲಿಯಲು ಕೊಟ್ಟೆ. ಹಳಗನ್ನಡ ಶಾಸನದ ತರಗತಿಯಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದ ಕ್ರಮವೇ ಇಲ್ಲೂ ಕೈಹಿಡಿಯಿತು: ಮೊದಲು ಗೊತ್ತಿರುವ ಊರಿನ ಹೆಸರು ಹುಡುಕು, ಆ ಹೆಸರಿನ ಅಕ್ಷರಗಳಿಂದ ಉಳಿದದ್ದನ್ನು ಬಿಡಿಸು.

ಕೌಂಡಿನ್ಯರ ಕಥೆ ಹೀಗೆ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ಮನೆಮಾತು ಕೊಂಕಣಿ, ಊರ ಮಾತು ತುಳು, ಓದುಬರಹ ಕನ್ನಡ. ಹೆರ್ಮನ್ ಮೋಗ್ಲಿಂಗ್ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗೆ ಸೇರಿದರು. ಮೋಗ್ಲಿಂಗ್ ಎಂದರೆ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದವರು, ಟ್ಯೂಬಿಂಗನ್ನಿನಲ್ಲಿ ಓದಿ 1836ರಲ್ಲಿ ಇಲ್ಲಿಗೆ ಬಂದವರು. 1844ರ ಜನವರಿ 6ರಂದು ಆನಂದರಾಯರೂ ಇನ್ನಿಬ್ಬರು ಬ್ರಾಹ್ಮಣ ತರುಣರೂ ಕ್ರೈಸ್ತರಾದರು. ಮಂಗಳೂರು ಕುದಿಯಿತು. ಮನೆಯವರು, ಜಾತಿಯವರು ದೂರ ಮಾಡಿದರು. ಆಗಲೇ ಮದುವೆಯಾಗಿದ್ದರು, ಹೆಂಡತಿ ತವರಿನ ಕಡೆ ಉಳಿದರು. ರಜೆಯ ಮೇಲೆ ಯುರೋಪಿಗೆ ಹೊರಟ ಮೋಗ್ಲಿಂಗ್ ಈ ಶಿಷ್ಯನನ್ನು ಜೊತೆಗೆ ಕರೆದುಕೊಂಡರು. ಮತಾಂತರದ ಬಗ್ಗೆ ಓದುಗರಿಗೆ ತಮ್ಮ ತಮ್ಮ ಅಭಿಪ್ರಾಯ ಇರುತ್ತದೆ, ನನಗೂ ಇದೆ. ಆದರೆ ವಿದ್ಯಾರ್ಥಿಯಾಗಿ ಆ ತರುಣ ತೆತ್ತ ಬೆಲೆಯನ್ನು ಯಾವ ಪಕ್ಷದವರೂ ಕಡಿಮೆ ಮಾಡಿ ಹೇಳಲಾಗದು. ನಾನು ಹೋಗುವಾಗ ಇಡೀ ಕೇರಿ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿಕೊಟ್ಟಿತು. ಅವರು ಹೋಗುವಾಗ ಕಳಿಸಿಕೊಡಲು ಸ್ವಂತದವರು ಎಂದು ಉಳಿದಿರಲಿಲ್ಲ.

ಅವರು ಕಂಡ ಬಾಸೆಲ್ ನಾನು ಕಂಡದ್ದಲ್ಲ. ಊರ ಸುತ್ತ ಕೋಟೆಯ ಗೋಡೆ ಇನ್ನೂ ನಿಂತಿತ್ತು, ರಾತ್ರಿ ಬಾಗಿಲು ಹಾಕುತ್ತಿದ್ದರು. ಸ್ಟ್ರಾಸ್‌ಬರ್ಗ್ ಕಡೆಯಿಂದ ರೈಲು 1844ರಲ್ಲೇ ಬಂದಿತ್ತು; ಸ್ವಿಟ್ಜರ್ಲೆಂಡಿನ ಮಣ್ಣು ತುಳಿದ ಮೊದಲ ರೈಲು ಅದು. ನಿಲ್ದಾಣ ಗೋಡೆಯ ಒಳಗಡೆ ಇದ್ದುದರಿಂದ ರೈಲಿಗೆಂದೇ ಕೋಟೆಯಲ್ಲಿ ಒಂದು ಬಾಗಿಲು ಮಾಡಿ, ಅದನ್ನೂ ರಾತ್ರಿ ಮುಚ್ಚುತ್ತಿದ್ದರು. ಮುಂಬಯಿ–ಠಾಣೆ ರೈಲು ಓಡಿದ್ದು 1853ರಲ್ಲಿ, ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಕಾಲುವೆಯಿಲ್ಲದ ಕಾಲದಲ್ಲಿ ಕಡಲು ದಾಟಿ, ಪ್ರಯಾಣಿಕರ ರೈಲನ್ನೇ ಕಾಣದ ದೇಶದಿಂದ ಈ ಹುಡುಗ ಅಲ್ಲಿಗೆ ತಲುಪಿದ. ಅವರು ತಲುಪಿದ ಹೊತ್ತಿಗೆ ಯುರೋಪಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹಸಿವಿನ ವರ್ಷಗಳು ಶುರುವಾಗಿದ್ದವು. 1847ರ ನವೆಂಬರಿನಲ್ಲಿ ಸ್ವಿಸ್ ಪ್ರಾಂತಗಳು ತಮ್ಮತಮ್ಮೊಳಗೆ ಯುದ್ಧ ಮಾಡಿದವು. 1848ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿಗೆ ಬುನಾದಿಯಾದ ಸಂವಿಧಾನ ಜಾರಿಗೆ ಬಂತು. ಅದೇ ವರ್ಷ ಮತ್ತು ಮರುವರ್ಷ ಗಡಿಯಾಚೆಯ ಬಾಡೆನ್ನಿನಲ್ಲಿ ಜನ ರಾಜನ ವಿರುದ್ಧ ಎದ್ದರು. ಯುರೋಪಿನ ಇತಿಹಾಸದಲ್ಲಿ 1848ನ್ನು ಓದದ ವಿದ್ಯಾರ್ಥಿ ಇಲ್ಲ. ಆ ವರ್ಷ ಅದರ ನಟ್ಟನಡುವೆ ನಮ್ಮ ಮಂಗಳೂರಿನವರೊಬ್ಬರು ಕೂತು ಗ್ರೀಕ್ ಪಾಠ ಒಪ್ಪಿಸುತ್ತಿದ್ದರು ಎಂಬುದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

ಮಿಷನ್ ಮನೆಯ ವಿದ್ಯಾರ್ಥಿಜೀವನ ಬಿಗಿ. ಜೊತೆಗಿದ್ದವರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. ಬೆಳಕು ಹರಿಯುವ ಮೊದಲೇ ಏಳಬೇಕು. ಲ್ಯಾಟಿನ್, ಗ್ರೀಕ್, ಹೀಬ್ರೂ. ಓದಿನ ಜೊತೆಗೆ ಕೈಕೆಲಸ ಕಡ್ಡಾಯ. ಮರಗೆಲಸ, ರಟ್ಟು ಕಟ್ಟುವುದು, ತೋಟದ ಕೆಲಸ ಎಲ್ಲರೂ ಮಾಡಬೇಕು. ಕೈಕೆಲಸವೆಂದರೆ ಬೇರೆ ಜಾತಿಯವರದು ಎಂದು ನಂಬಿದ್ದ ಮನೆತನದಿಂದ ಬಂದ ತರುಣನಿಗೆ ಗ್ರೀಕಿಗಿಂತ ದೊಡ್ಡ ಪಾಠ ಇದೇ ಆಗಿತ್ತೆಂದು ನನ್ನ ಎಣಿಕೆ. ಈ ಮಿಷನ್ನಿನವರು ಮುಂದೆ ಕರಾವಳಿಯಲ್ಲಿ ಮಗ್ಗ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಹೂಡಿದ್ದಕ್ಕೂ ಈ ಮನೆಯ ಶಿಸ್ತಿಗೂ ಸಂಬಂಧವಿದೆ.

ಇನ್ನೊಂದು ವಿಷಯವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಅದೇ ಎಲ್ಲಕ್ಕಿಂತ ಮುಖ್ಯ. 1850ರಲ್ಲಿ ಅದೇ ಮಿಷನ್ ಮನೆಗೆ ಉತ್ತರ ಜರ್ಮನಿಯ ಕಡಲಂಚಿನಿಂದ ಹದಿನೆಂಟರ ಹುಡುಗನೊಬ್ಬ ವಿದ್ಯಾರ್ಥಿಯಾಗಿ ಸೇರಿದ. ಅವನ ಹೆಸರು ಫೆರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಅವನು ಕನ್ನಡ ನಾಡಿಗೆ ಬಂದ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕೌಂಡಿನ್ಯರು ಓದು ಮುಗಿಸುತ್ತಿದ್ದಾಗ ಕಿಟ್ಟೆಲ್ ಓದು ಆರಂಭಿಸುತ್ತಿದ್ದ. ಕನ್ನಡದ ಕಡೆಯಿಂದ ಹೋದವರೊಬ್ಬರು ಮತ್ತು ಕನ್ನಡಕ್ಕೆ ಬರಲಿದ್ದವನೊಬ್ಬ ಒಂದೇ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದ ಕಾಲ ಅದು. ನಾವು ಕಿಟ್ಟೆಲ್ಲರ ಪ್ರತಿಮೆ ನಿಲ್ಲಿಸಿದ್ದೇವೆ, ಬೀದಿಗೆ ಹೆಸರಿಟ್ಟಿದ್ದೇವೆ, ಅದು ನ್ಯಾಯವೇ. ಕೌಂಡಿನ್ಯರ ಹೆಸರು ಮಾತ್ರ ಚರ್ಚಿನ ಚರಿತ್ರೆ ಬರೆಯುವವರ ಪುಟಗಳಲ್ಲಿ ಉಳಿದುಹೋಗಿದೆ. ಇದು ಸರಿಯಲ್ಲ. ವಿದೇಶದಲ್ಲಿ ಓದಿದ ಕನ್ನಡಿಗರ ಪಟ್ಟಿ ಮಾಡಹೊರಟವರು ಅವರನ್ನು ಮೊದಲ ಪುಟದಲ್ಲಿ ಇಡಬೇಕು.

1851ರ ಜುಲೈಯಲ್ಲಿ ಜರ್ಮನಿಯ ಲಿಯೋನ್‌ಬರ್ಗಿನಲ್ಲಿ ಪಾದ್ರಿ ದೀಕ್ಷೆ ಪಡೆದು ಅವರು ಮಂಗಳೂರಿಗೆ ಮರಳಿದರು. ಮುಂದಿನ ಬದುಕು ದೊಡ್ಡ ಪಾಲು ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳುವುದರಲ್ಲಿ ಕಳೆಯಿತು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಕೌಂಡಿನ್ಯರ ಜೀವನಕಥೆ ಜರ್ಮನ್ ಭಾಷೆಯಲ್ಲಿ ಅಚ್ಚಾಗಿದೆ. ಮೋಗ್ಲಿಂಗ್ ಕೊಡಗಿಗೆ ಹೋಗಿ ಹೊಲೆಯರೆಂದು ಹೊರಗಿಟ್ಟಿದ್ದ, ಜೀತದಲ್ಲಿ ಸಿಕ್ಕಿದ್ದ ಜನರಿಗಾಗಿ ಒಂದು ಊರು ಕಟ್ಟಿ ಆನಂದಪುರ ಎಂದು ಕರೆದಾಗ ಕೌಂಡಿನ್ಯರು ಆ ಕೆಲಸಕ್ಕೆ ಹೆಗಲು ಕೊಟ್ಟರು. ಅಲ್ಲಿ ಕಾಫಿ ಹಾಕಿದರು. ತೋಟದ ಮನೆಯ ನನಗೆ ಈ ಭಾಗ ಓದುವಾಗ ಎದೆ ತುಂಬಿತು. ನಮ್ಮ ಬಿಕ್ಕೋಡಿನ ಸೀಮೆಯಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಹಬ್ಬಿತು, ಹಬ್ಬಿಸಿದ ದೊರೆಗಳ ಹೆಸರು ಗೆಜೆಟಿಯರಿನಲ್ಲಿದೆ. ಗುಂಡಿ ತೋಡಿ ಗಿಡ ನೆಟ್ಟ ಕೈಗಳ ಹೆಸರು ಎಲ್ಲಿಯೂ ಇಲ್ಲ. ಆನಂದಪುರದಲ್ಲಿ ಗಿಡ ನೆಟ್ಟವರಿಗೆ ಒಂದು ಊರಾದರೂ ಸಿಕ್ಕಿತು. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಮರುವರ್ಷ ಕಿಟ್ಟೆಲ್ ನಿಘಂಟು ಹೊರಬಂತು.

ಕೌಂಡಿನ್ಯರ ನಂತರ ಓದಿನ ದಾರಿ ಇಂಗ್ಲೆಂಡಿನ ಕಡೆ ತಿರುಗಿತು. ಕಡಲು ದಾಟಿದವರೊಡನೆ ಪಂಕ್ತಿಯಲ್ಲಿ ಕೂರಬಹುದೇ ಎಂಬ ಜಗಳ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಕರಾವಳಿಯ ಸಾರಸ್ವತರನ್ನು ಎರಡು ಹೋಳು ಮಾಡಿತ್ತು. ಮೈಸೂರು ಸಂಸ್ಥಾನ ವಿದ್ಯಾರ್ಥಿವೇತನ ಕೊಟ್ಟು ಕಳಿಸತೊಡಗಿದ ಮೇಲೆ ಜಗಳ ಮೆತ್ತಗಾಯಿತು. ನಮ್ಮ ಸೀಮೆಗೆ ನೇರ ಉಪಕಾರ ಮಾಡಿದವರು ಎಂ.ಎಚ್. ಕೃಷ್ಣ. ಲಂಡನ್ ವಿಶ್ವವಿದ್ಯಾಲಯದ ಡಿ.ಲಿಟ್. ಪಡೆದು ಬಂದು ಮೈಸೂರಿನ ಪುರಾತತ್ವ ಇಲಾಖೆ ನಡೆಸಿದರು, ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದರು. ಅವರ ಇಲಾಖೆಯ ವಾರ್ಷಿಕ ವರದಿಗಳನ್ನು ಬಿಟ್ಟು ಹೊಯ್ಸಳ ಗುಡಿಗಳ ಬಗ್ಗೆ ಇಂದಿಗೂ ಯಾರೂ ಬರೆಯಲಾರರು. ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿದ್ದರು. ಸಮುದ್ರ ಗೀತೆಗಳು ಆ ಪಯಣದ ಫಲ. ಗಿರೀಶ ಕಾರ್ನಾಡರು 1960ರಲ್ಲಿ ಅದೇ ಊರಿಗೆ ರೋಡ್ಸ್ ವಿದ್ಯಾರ್ಥಿಯಾಗಿ ಹೊರಡುವ ಮುನ್ನಿನ ಮನೆಯ ತಳಮಳದಲ್ಲಿ ಯಯಾತಿ ಬರೆದರು. ಯು.ಆರ್. ಅನಂತಮೂರ್ತಿ ಸಂಸ್ಕಾರ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಜರ್ಮನ್ ದಾರಿ ಪೂರ್ತಿ ಮುಚ್ಚಲೂ ಇಲ್ಲ: ಬಿ.ಎ. ವಿವೇಕ ರೈ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು, ತುಳು ಪಾಡ್ದನಗಳ ಬಗ್ಗೆ ದುಡಿದ ಹೈಡ್ರುನ್ ಬ್ರೂಕ್ನರ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು.

ಇವರೆಲ್ಲ ಹೋದದ್ದು ವರ್ಷಗಟ್ಟಲೆ. ಈಗ ನಾವು ಹೋಗುವುದು ಸೆಪ್ಟೆಂಬರಿನಿಂದ ಕ್ರಿಸ್‌ಮಸ್‌ವರೆಗೆ, ಆಮೇಲೆ ಪರೀಕ್ಷೆ, ಆಮೇಲೆ ವಿಮಾನ. ಇಷ್ಟು ಕಡಿಮೆ ಕಾಲದಲ್ಲಿ ಏನು ಕಲಿತೀರಿ ಎಂದು ನನ್ನ ಮೇಷ್ಟ್ರೊಬ್ಬರು ಕೇಳಿದ್ದರು. ಜೊತೆಯ ಭಾರತೀಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೆಮಿಸ್ಟರನ್ನು ಊರು ಸುತ್ತುವುದರಲ್ಲಿ ಮುಗಿಸಿದರು. ಪ್ಯಾರಿಸ್, ಪ್ರಾಗ್, ವೆನಿಸ್. ನೋಡಬೇಕಾದ ಊರುಗಳೇ, ನಾನೂ ಸ್ಟ್ರಾಸ್‌ಬರ್ಗ್ ನೋಡಿ ಬಂದೆ. ಆದರೆ ಕನ್ನಡ ಬಲ್ಲ ಒಬ್ಬ ವಿದ್ಯಾರ್ಥಿಗೆ ಬಾಸೆಲಿನಲ್ಲಿ ಸಿಗುವುದು ಪ್ರಾಗಿನಲ್ಲಿ ಸಿಗದು. ನಮ್ಮ ಜನರ ನೂರೈವತ್ತು ವರ್ಷ ಹಿಂದಿನ ಮುಖಗಳು ಅಲ್ಲಿಯ ಛಾಯಾಚಿತ್ರ ಸಂಗ್ರಹದಲ್ಲಿವೆ: ಮಗ್ಗದ ಮುಂದೆ ಕೂತ ನೇಕಾರರು, ಹೆಂಚಿನ ಕಾರ್ಖಾನೆಯ ಹೆಂಗಸರು, ಕೊಡಗಿನ ಮನೆಗಳು, ಧಾರವಾಡದ ಸಂತೆ. ಬರಗಾಲದಲ್ಲಿ ಯಾವ ಊರಿನಲ್ಲಿ ರಾಗಿ ಎಷ್ಟಕ್ಕೆ ಮಾರಿತು, ಯಾವ ಶಾಲೆಗೆ ಯಾವ ಜಾತಿಯ ಮಕ್ಕಳು ಬಂದರು, ಯಾರು ಬಿಟ್ಟರು ಎಂಬಂಥ ಸಂಗತಿಗಳನ್ನು ತಿಂಗಳು ತಿಂಗಳೂ ವರದಿ ಮಾಡಿದ ಜನ ಮಿಷನ್ನಿನವರು. ತಮ್ಮ ಧರ್ಮದ ಕನ್ನಡಕದಿಂದ ನೋಡಿ ಬರೆದರು, ನಿಜ. ಅದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು. ಸರ್ಕಾರಿ ಕಡತ ಹೇಳದ್ದನ್ನು ಆ ಪತ್ರಗಳು ಹೇಳುತ್ತವೆ. ಜರ್ಮನ್ ಗೊತ್ತಿಲ್ಲದ ಕಾರಣಕ್ಕೆ ನಮ್ಮ ಇತಿಹಾಸಕಾರರಲ್ಲಿ ಬಹುಮಂದಿ ಅವನ್ನು ಮುಟ್ಟಿಲ್ಲ.

ಅದಕ್ಕೇ ಹಾಸನ, ಬೇಲೂರು, ಅರಸೀಕೆರೆಯ ಕಾಲೇಜುಗಳಲ್ಲಿ ಇತಿಹಾಸವನ್ನೋ ಕನ್ನಡವನ್ನೋ ಓದುತ್ತಿರುವ ತಂಗಿ ತಮ್ಮಂದಿರಿಗೆ ನನ್ನದೊಂದು ಕೋರಿಕೆ. ಬಿ.ಎ. ಮೊದಲ ವರ್ಷದಲ್ಲೇ ಜರ್ಮನ್ ಕಲಿಯಲು ಶುರು ಮಾಡಿ. ಅಂತರ್ಜಾಲದಲ್ಲಿ ಪಾಠಗಳಿವೆ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ. ಬಾಸೆಲ್ ಮಿಷನ್ ದಫ್ತರಖಾನೆಯ ಸಾವಿರಾರು ಛಾಯಾಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು. ಟ್ಯೂಬಿಂಗನ್ ವಿಶ್ವವಿದ್ಯಾಲಯ ತನ್ನಲ್ಲಿರುವ ಹಳೆಯ ದಕ್ಷಿಣ ಭಾರತೀಯ ಪುಸ್ತಕಗಳನ್ನು, ಕನ್ನಡದವನ್ನೂ ಸೇರಿಸಿ, ಗುಂಡರ್ಟ್ ಹೆಸರಿನ ಜಾಲತಾಣದಲ್ಲಿ ಓದಲು ಇಟ್ಟಿದೆ. ಅವನ್ನು ನೋಡಿ, ನಿಮ್ಮದೇ ಪ್ರಶ್ನೆ ಕಟ್ಟಿಕೊಳ್ಳಿ, ಆಮೇಲೆ ವಿನಿಮಯ ಯೋಜನೆಗೆ ಅರ್ಜಿ ಹಾಕಿ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಹಳೆಯ ಜರ್ಮನ್ ಬರವಣಿಗೆ ಓದಿಸುವ ಒಂದು ಚಿಕ್ಕ ತರಗತಿಯನ್ನು ಶಾಸನಶಾಸ್ತ್ರದ ಪಕ್ಕದಲ್ಲಿ ಇಡಲಿ. ಕೌಂಡಿನ್ಯರ ಜೀವನಕಥೆಯನ್ನು ಜರ್ಮನ್ನಿನಿಂದ ನೇರ ಕನ್ನಡಕ್ಕೆ ತರುವ ಕೆಲಸಕ್ಕೆ ನಾನು ಕೈ ಹಾಕಿದ್ದೇನೆ. ಆ ಅಕ್ಷರ ಬಲ್ಲ ಇನ್ನೂ ನಾಲ್ಕು ಜನ ಜೊತೆಗೆ ಬನ್ನಿ.